ಗಲಿಬಿಯೇ ಏರುವುದೆಂದರೆ: ಆಲ್ಪ್ಸ್ ಘಾಟಿಯೊಂದರ ಸೈಕಲ್ ಲೆಕ್ಕ

ಜುಲೈ ಬಂತೆಂದರೆ ಹಲವು ದಿನಗಳ ಸೈಕಲ್ ಓಟವಾದ ಟೂರ್ ದ ಫ್ರಾನ್ಸ್ ನೋಡುವವರ ಟಿ.ವಿ. ಪರದೆಯ ಮೂಲೆಯಲ್ಲಿ ಎರಡು ಅಂಕಿಗಳು ಓಡುತ್ತಿರುತ್ತವೆ. ಇನ್ನೆಷ್ಟು ಕಿಲೋಮೀಟರ್ ಉಳಿದಿದೆ ಎಂದು ಒಂದು ಹೇಳುತ್ತದೆ, ಏರು ಶೇಕಡಾ ಎಷ್ಟು ಎಂದು ಇನ್ನೊಂದು. 2024ರ ಜುಲೈ 2ರಂದು ಸ್ಲೊವೇನಿಯಾದ ತದೇಯ್ ಪೊಗಾಚಾರ್ ಫ್ರಾನ್ಸಿನ ಕೋಲ್ ದ್ಯು ಗಲಿಬಿಯೇ ಘಾಟಿಯ ತುದಿಯ ಹತ್ತಿರ ಎಲ್ಲರನ್ನೂ ಹಿಂದೆ ಹಾಕಿ, ಆಚೆ ಬದಿಯ ವಲ್ವಾರ್ ಊರಿಗೆ ಇಳಿದು ಆ ದಿನದ ಓಟ ಗೆದ್ದಾಗಲೂ ಆ ಅಂಕಿಗಳಿದ್ದವು. ಶೇ 7, ಶೇ 8, ಹೀಗೆ. ಪರೀಕ್ಷೆಯಲ್ಲಿ ಶೇ 8 ತೆಗೆದವನನ್ನು ಯಾರೂ ಮೆಚ್ಚುವುದಿಲ್ಲ, ಹಾಗಾಗಿ ಹೊಸದಾಗಿ ನೋಡುವವರಿಗೆ ಇದರಲ್ಲೇನು ದೊಡ್ಡಸ್ತಿಕೆ ಎನಿಸುವುದು ಸಹಜ.

ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ಬೆಂಗಳೂರಿನ ಗುಂಪುಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: "ನಾವೂ ಅದನ್ನು ಹತ್ತಬಹುದಾ?" ಆಫೀಸಿನ ಕೆಲಸಕ್ಕೆಂದು ಯುರೋಪಿಗೆ ಹೋದವರು ಅಲ್ಲೇ ಬಾಡಿಗೆ ಸೈಕಲ್ ಹಿಡಿದು ಹೊರಡುವುದೂ ಈಗ ಹೊಸತಲ್ಲ. ಎರಡೂ ಪ್ರಶ್ನೆಗೆ ಉತ್ತರ ಒಂದೇ ಲೆಕ್ಕದಲ್ಲಿದೆ. ಗಲಿಬಿಯೇಯನ್ನೇ ಮುಂದಿಟ್ಟುಕೊಂಡು ಆ ಲೆಕ್ಕ ಬಿಡಿಸೋಣ.

ಮೊದಲು ಜಾಗ ಯಾವುದು ಅಂತ

ಫ್ರೆಂಚಿನಲ್ಲಿ 'ಕೋಲ್' ಎಂದರೆ ಎರಡು ಶಿಖರಗಳ ನಡುವಿನ ತಗ್ಗು. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕಾದವರು ಬೆಟ್ಟದ ನೆತ್ತಿ ಹತ್ತುವುದಿಲ್ಲ. ಸಾಲಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ದಾಟುತ್ತಾರೆ. ನಮ್ಮ ಆಗುಂಬೆ ಘಾಟಿ, ಚಾರ್ಮಾಡಿ ಘಾಟಿ ಹುಟ್ಟಿದ್ದೂ ಇದೇ ಬುದ್ಧಿಯಿಂದ. ಹಾಗಾಗಿ ಕೋಲ್ ಎಂಬುದನ್ನು ಘಾಟಿ ಎಂದೇ ಕರೆಯುತ್ತೇನೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಮ್ಮ ಘಾಟಿಗಳು ಹೆಚ್ಚಾಗಿ ಒಂದೇ ಕಡೆ ಇಳಿಯುತ್ತವೆ, ಹತ್ತಿದ ಮೇಲೆ ಮಲೆನಾಡಿನ ಮಟ್ಟಸ ನೆಲ ಸಿಗುತ್ತದೆ. ಆಲ್ಪ್ಸಿನ ಘಾಟಿ ಮನೆಯ ಸೂರಿನಂತೆ. ಈ ಕಡೆ ಹತ್ತಬೇಕು, ಆ ಕಡೆ ಇಳಿಯಬೇಕು, ನಡುವೆ ನಿಲ್ಲಲು ಜಾಗವೇ ಕಡಿಮೆ.

ಗಲಿಬಿಯೇ ಸಮುದ್ರಮಟ್ಟದಿಂದ 2,642 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಸವ್ವಾ ಜಿಲ್ಲೆಯ ಮೋರಿಯೆನ್ ಕಣಿವೆ, ದಕ್ಷಿಣಕ್ಕೆ ಓತ್-ಸಾಲ್ಪ್ ಜಿಲ್ಲೆ. ಉತ್ತರದ ದಾರಿಯೇ ಹೆಚ್ಚು ಹೆಸರಾದದ್ದು. ಸುಮಾರು 710 ಮೀಟರ್ ಎತ್ತರದ ಸ್ಯಾಂ ಮಿಶೆಲ್ ದ ಮೋರಿಯೆನ್ ಎಂಬ ಊರಿನಿಂದ ಅದು ಶುರುವಾಗುತ್ತದೆ. ಮೊದಲು ಕಾಡಿನ ನಡುವೆ ಸುಮಾರು 12 ಕಿ.ಮೀ. ಹತ್ತಿದರೆ 1,566 ಮೀಟರಿನ ತೆಲೆಗ್ರಾಫ್ ಘಾಟಿ. ತಂತಿ ಬರುವ ಮೊದಲು, ನೆಪೋಲಿಯನ್ನನ ಕಾಲದಲ್ಲಿ, ಮರದ ತೋಳುಗಳನ್ನು ಆಡಿಸಿ ಬೆಟ್ಟದಿಂದ ಬೆಟ್ಟಕ್ಕೆ ಸಂದೇಶ ಕಳಿಸುವ ಠಾಣೆಯೊಂದು ಇಲ್ಲಿತ್ತು. ಹೆಸರು ಬಂದದ್ದು ಅದರಿಂದ. ಅಲ್ಲಿಂದ ಐದು ಕಿ.ಮೀ. ಇಳಿದರೆ ವಲ್ವಾರ್, 1,400 ಮೀಟರ್. ಚಳಿಗಾಲದಲ್ಲಿ ಸ್ಕೀ ಆಡುವವರ ಊರು, ಬೇಸಿಗೆಯಲ್ಲಿ ಹುಲ್ಲಿನಿಂದ ದೊಡ್ಡ ದೊಡ್ಡ ಶಿಲ್ಪ ಕಟ್ಟುವ ಸ್ಪರ್ಧೆ ನಡೆಯುವ ಊರು. ಅದು ದಾಟಿದ ಮೇಲೆ ಸುಮಾರು 18 ಕಿ.ಮೀ. ಉದ್ದದ ಗಲಿಬಿಯೇ ಏರು.

ಅಂದರೆ ಕಷ್ಟಪಟ್ಟು ಗಳಿಸಿದ 165 ಮೀಟರ್ ಎತ್ತರವನ್ನು ವಲ್ವಾರ್‌ಗೆ ಇಳಿಯುವಾಗ ಕಳೆದುಕೊಂಡು ಮತ್ತೆ ಗಳಿಸಬೇಕು. ಎಲ್ಲ ಸೇರಿ ಹತ್ತುವ ಎತ್ತರ ಸುಮಾರು 2,100 ಮೀಟರ್. ನಂದಿಬೆಟ್ಟದ ಏರು ಬುಡದಿಂದ ತುದಿಗೆ 500 ಮೀಟರಿನ ಆಸುಪಾಸು. ನಾಲ್ಕು ನಂದಿಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಂತಾಯಿತು. ಕಟ್ಟಡದ ಲೆಕ್ಕದಲ್ಲಿ 700 ಮಹಡಿ, ಲಿಫ್ಟ್ ಇಲ್ಲ.

ಶೇ 7 ಎಂದರೆ ಏನು

ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಏಳು ಮೀಟರ್ ಮೇಲೆ ಹೋದರೆ ಏರು ಶೇ 7. ಕೋನದಲ್ಲಿ ಅಳೆದರೆ ಬರೀ ನಾಲ್ಕು ಡಿಗ್ರಿ. ಕಾರಿನಲ್ಲಿ ಕೂತವರಿಗೆ ಇದು ಏರು ಅಂತಲೇ ಅನಿಸದೆ ಹೋಗಬಹುದು. ಸೈಕಲ್ ಮೇಲೆ ಮಾತ್ರ ನಾಲ್ಕು ಡಿಗ್ರಿಗೆ ಇಡೀ ಆಟವೇ ಬದಲಾಗುತ್ತದೆ.

ಯಾಕೆ? ಸಮತಟ್ಟು ರಸ್ತೆಯಲ್ಲಿ ಸೈಕಲ್ ಸವಾರನ ಮುಖ್ಯ ಎದುರಾಳಿ ಗಾಳಿ. ಏರಿನಲ್ಲಿ ಆ ಜಾಗಕ್ಕೆ ಭೂಮಿಯ ಸೆಳೆತ ಬರುತ್ತದೆ. ಇವೆರಡರ ಸ್ವಭಾವ ಬೇರೆ ಬೇರೆ. ಗಾಳಿ ನೀವು ವೇಗ ಹೆಚ್ಚಿಸಿದಾಗ ಮಾತ್ರ ಜೋರಾಗಿ ತಳ್ಳುತ್ತದೆ, ನಿಧಾನವಾದರೆ ಸುಮ್ಮನಾಗುತ್ತದೆ. ಭೂಮಿ ಹಾಗಲ್ಲ. ನೀವು ಓಡಿದರೂ ತೆವಳಿದರೂ ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ.

ಒಂದು ಅಂದಾಜು ಲೆಕ್ಕ ನೋಡಿ. 70 ಕೆ.ಜಿ. ತೂಕದ ಸವಾರ, ಸೈಕಲ್ಲು, ನೀರು, ಬಟ್ಟೆ ಎಲ್ಲ ಸೇರಿ 80 ಕೆ.ಜಿ. ಎಂದಿಟ್ಟುಕೊಳ್ಳಿ. ಈತ ಬಯಲಿನಲ್ಲಿ ಗಂಟೆಗೆ 30 ಕಿ.ಮೀ. ಓಡಲು ಎಷ್ಟು ಶಕ್ತಿ ಹಾಕುತ್ತಾನೋ ಸರಿಸುಮಾರು ಅಷ್ಟೇ ಶಕ್ತಿಗೆ ಶೇ 7ರ ಏರಿನಲ್ಲಿ ಸಿಗುವ ವೇಗ ಗಂಟೆಗೆ 10 ಕಿ.ಮೀ. ಶ್ರಮ ಒಂದೇ, ವೇಗ ಮೂರನೇ ಒಂದು ಭಾಗ. ಅದಕ್ಕೇ ಏರಿನಲ್ಲಿ ಎಷ್ಟು ತುಳಿದರೂ ಮುಂದೆ ಹೋಗುತ್ತಿಲ್ಲ ಅನಿಸುವುದು.

ಪರದೆಯಲ್ಲಿ ಕಾಣುವ ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ. ವಲ್ವಾರ್‌ನಿಂದ ಗಲಿಬಿಯೇ ತುದಿಗೆ ಸರಾಸರಿ ಶೇ 6.9. 'ಈ ಸಲ ವಾಡಿಕೆಯಷ್ಟೇ ಮಳೆ' ಎಂದು ಹವಾಮಾನ ಇಲಾಖೆ ಹೇಳಿದರೂ ಅದು ಎರಡೇ ದಿನದಲ್ಲಿ ಸುರಿದು ಹೋಗಿರಬಹುದು ಎಂಬುದು ರೈತರಿಗೆ ಗೊತ್ತು. ಇಲ್ಲಿಯೂ ಅದೇ ಕತೆ. ಮೊದಲ ಹತ್ತು ಕಿ.ಮೀ. ರಸ್ತೆ ವಲ್ವಾರೆತ್ ಎಂಬ ಹೊಳೆಯ ಪಕ್ಕದಲ್ಲಿ, ಮರವಿಲ್ಲದ ಬಯಲು ಕಣಿವೆಯಲ್ಲಿ ಮೆಲ್ಲಗೆ ಏರುತ್ತದೆ. ನೇರ ರಸ್ತೆ, ಎರಡೂ ಕಡೆ ಎತ್ತರದ ಬೆಟ್ಟ, ಹಾಗಾಗಿ ಕಣ್ಣಿಗೆ ಸಮತಟ್ಟು ಅಂತಲೇ ಕಾಣುತ್ತದೆ. ಕಾಲಿಗೆ ಮಾತ್ರ ಸತ್ಯ ಗೊತ್ತು. ಸೈಕಲ್ಲಿನ ಬ್ರೇಕು ಉಜ್ಜುತ್ತಿದೆಯೇನೋ ಎಂದು ಬಗ್ಗಿ ನೋಡಿಕೊಳ್ಳುವವರು ಇಲ್ಲೇ ಸಿಗುತ್ತಾರೆ. ಪ್ಲಾಂ ಲಾಶಾ ಎಂಬಲ್ಲಿ ರಸ್ತೆ ಹೊಳೆ ದಾಟಿ ಬಲಕ್ಕೆ ತಿರುಗುತ್ತದೆ. ಎತ್ತರ ಆಗಲೇ 1,960 ಮೀಟರಿನ ಹತ್ತಿರ. ಇನ್ನುಳಿದ ಎಂಟು ಕಿ.ಮೀ.ಗಳಲ್ಲಿ 680 ಮೀಟರ್ ಏರಬೇಕು, ಅಂದರೆ ಶೇ 8ಕ್ಕೂ ಮೇಲೆ. ಅಸಲಿ ಗಲಿಬಿಯೇ ಇದೇ.

ಬೆಟ್ಟದ ಸಾಲ, ನಮ್ಮ ಕಂತು

80 ಕೆ.ಜಿ.ಯನ್ನು 2,100 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ನಿಗದಿಯಾದದ್ದು. ಬೇಗ ಹತ್ತಿದರೂ ನಿಧಾನ ಹತ್ತಿದರೂ ಅದು ಬದಲಾಗುವುದಿಲ್ಲ. ಬ್ಯಾಂಕಿನ ಸಾಲ ಇದ್ದಂತೆ, ಅಸಲು ಇಷ್ಟೇ. ನಮ್ಮ ಕೈಯಲ್ಲಿರುವುದು ಕಂತು ಎಷ್ಟು ದೊಡ್ಡದು ಎಂಬುದೊಂದೇ.

ಆ ಅಸಲು ಎಷ್ಟೆಂದು ಲೆಕ್ಕ ಹಾಕಿದರೆ ನಗು ಬರಬಹುದು: ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಅರ್ಧ ಯೂನಿಟ್ಟಿಗೂ ಕಡಿಮೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಏರುವ ನಮ್ಮ ಸವಾರ ಹಾಕುವ ಶಕ್ತಿ ಸುಮಾರು 170 ವಾಟ್, ಎರಡು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು. ಆದರೆ ಮೂರು ಗಂಟೆ ಬಿಡದೆ ತಿರುಗಿಸಬೇಕು, ಅದೂ ಕಾಲಿನಿಂದ.

ಸೈಕಲ್ ಜಗತ್ತಿನಲ್ಲಿ 'ಕೆ.ಜಿ.ಗೆ ಎಷ್ಟು ವಾಟ್' ಎಂಬ ಮಾತು ಪದೇಪದೇ ಕೇಳಿಬರುವುದು ಇದಕ್ಕೇ. ಹಾಕುವ ಶಕ್ತಿಯನ್ನು ಮೈತೂಕದಿಂದ ಭಾಗಿಸಿದರೆ ಆ ಅಂಕಿ ಬರುತ್ತದೆ. ನಮ್ಮ ಸವಾರನದು ಎರಡೂವರೆಯ ಹತ್ತಿರ. ಹವ್ಯಾಸಕ್ಕೆ ತುಳಿಯುವವರಿಗೆ ಇದು ಕೆಟ್ಟದ್ದಲ್ಲ. ಟೂರ್‌ನಲ್ಲಿ ಮುಂದಿರುವವರು ಉದ್ದನೆಯ ಏರುಗಳಲ್ಲಿ ಆರರ ಆಸುಪಾಸು ಹಾಕುತ್ತಾರೆ. ಹಾಗಾಗಿ ಅವರು ಶೇ 7ರ ಏರನ್ನು ಗಂಟೆಗೆ 20 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಹತ್ತುತ್ತಾರೆ. ಟಿ.ವಿ.ಯಲ್ಲಿ ರಸ್ತೆ ಸಪಾಟಾಗಿ ಕಾಣುವುದಕ್ಕೆ ಕ್ಯಾಮೆರಾ ಅರ್ಧ ಕಾರಣವಾದರೆ ಇವರ ವೇಗ ಇನ್ನರ್ಧ.

ತೂಕದ ಹುಚ್ಚಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸೈಕಲ್ಲು ಒಂದು ಕೆ.ಜಿ. ಹಗುರವಾದರೆ ಎಂಬತ್ತರಲ್ಲಿ ಒಂದು ಭಾಗ ಉಳಿಯಿತು. ಮೂರು ಗಂಟೆಯ ಏರಿನಲ್ಲಿ ಎರಡು ನಿಮಿಷದಷ್ಟು. ಸೆಕೆಂಡುಗಳಲ್ಲಿ ಗೆಲುವು ಸೋಲು ನಿರ್ಧಾರವಾಗುವವರಿಗೆ ಅದು ದೊಡ್ಡದು. ಅದಕ್ಕೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸಿನ ಸೈಕಲ್ಲು 6.8 ಕೆ.ಜಿ.ಗಿಂತ ಹಗುರ ಇರಕೂಡದೆಂದು ನಿಯಮ ಮಾಡಿದೆ. ನಮ್ಮಂಥವರು ಆ ಎರಡು ನಿಮಿಷಕ್ಕೆ ಲಕ್ಷಾಂತರ ರೂಪಾಯಿ ಸುರಿಯುವ ಮೊದಲು ಹೊಟ್ಟೆಯ ಕಡೆ ಒಮ್ಮೆ ನೋಡಿಕೊಳ್ಳುವುದು ಲಾಭ.

ಹಾವಿನಂಥ ರಸ್ತೆ ಯಾಕೆ

ಗೇರಿಲ್ಲದ ಸೈಕಲ್ಲಿನಲ್ಲಿ ಶಾಲೆಗೆ ಹೋದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಏರು ಬಂದಾಗ ನೇರ ತುಳಿಯಲಾಗದೆ ರಸ್ತೆಯ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾವಿನಂತೆ ಓಡಿಸುತ್ತಿದ್ದೆವಲ್ಲ, ಹೇರ್‌ಪಿನ್ ತಿರುವಿನ ಹಿಂದಿರುವುದೂ ಅದೇ ಉಪಾಯ. ಎತ್ತರ ಅಷ್ಟೇ, ಆದರೆ ದಾರಿ ಉದ್ದವಾದ್ದರಿಂದ ಪ್ರತಿ ಮೀಟರಿಗೆ ಬರುವ ಏರು ಕಡಿಮೆ. ಕಂತು ಸಣ್ಣದಾಯಿತು, ಅವಧಿ ಹೆಚ್ಚಾಯಿತು.

ಗಲಿಬಿಯೇ ಘಾಟಿಯ ತುದಿಯ ಕೆಳಗಿನ ಸುರಂಗ ಬಳಕೆಗೆ ಬಂದದ್ದು 1891ರಲ್ಲಿ, ಮೋಟಾರು ಕಾರು ಈ ಬೆಟ್ಟಗಳಿಗೆ ಬರುವ ಮೊದಲು. ಕುದುರೆ, ಹೇಸರಗತ್ತೆ ಎಳೆಯುವ ಬಂಡಿಗಳಿಗೆ ಒಗ್ಗುವಂತೆ ಎಳೆದ ರಸ್ತೆ ಅದು. ಬಂಡಿ ಎಳೆಯುವ ಪ್ರಾಣಿಗೆ ಆಗುವ ಏರು ಸೈಕಲ್ ತುಳಿಯುವ ಮನುಷ್ಯನಿಗೂ ಆಗುತ್ತದೆ. ಆ ಸುರಂಗ 2,556 ಮೀಟರ್ ಎತ್ತರದಲ್ಲಿದೆ. 1976ರಲ್ಲಿ ಅದು ಶಿಥಿಲವಾಗಿ ಮುಚ್ಚಿದಾಗ ರಸ್ತೆಯನ್ನು ಬೆಟ್ಟದ ಏಣಿನ ಮೇಲಕ್ಕೇ ಒಯ್ದರು. 2002ರಲ್ಲಿ ಸುರಂಗ ಮತ್ತೆ ತೆರೆದರೂ ಸೈಕಲ್ಲಿನವರ ದಾರಿ ಮೇಲಿನದೇ. ಸುರಂಗದ ಬಾಯಿಂದ ತುದಿಗೆ ಒಂದೇ ಕಿ.ಮೀ., ಆದರೆ ಅಷ್ಟರಲ್ಲಿ 86 ಮೀಟರ್ ಏರಬೇಕು. ಇಡೀ ದಾರಿಯ ಅತಿ ಕಡಿದಾದ ತುಣುಕುಗಳಲ್ಲಿ ಒಂದು ಕೊನೆಯಲ್ಲೇ ಬಂದು ನಿಂತಿದೆ.

ಫ್ರಾನ್ಸಿನ ಘಾಟಿಗಳಲ್ಲಿ ಸೈಕಲ್ ಸವಾರರಿಗೆಂದೇ ಪ್ರತಿ ಕಿಲೋಮೀಟರಿಗೆ ಒಂದು ಕಲ್ಲು ನೆಟ್ಟಿರುತ್ತಾರೆ. ತುದಿಗೆ ಇನ್ನೆಷ್ಟು ದೂರ, ಈಗಿರುವ ಎತ್ತರ ಎಷ್ಟು, ಮುಂದಿನ ಒಂದು ಕಿ.ಮೀ.ಯ ಸರಾಸರಿ ಏರು ಎಷ್ಟು ಎಂದು ಅದರ ಮೇಲೆ ಬರೆದಿರುತ್ತದೆ. ಒಳ್ಳೆಯ ಉದ್ದೇಶವೇ. ಶೇ 9 ಎಂಬ ಕಲ್ಲು ಎದುರಾದಾಗ ಮಾತ್ರ ಅದು ಅಲ್ಲಿ ಇಲ್ಲದಿದ್ದರೇ ಚೆನ್ನಾಗಿತ್ತು ಅನಿಸುತ್ತದೆ.

ಗೇರು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಗೇರು ಶಕ್ತಿ ಕೊಡುವುದಿಲ್ಲ. ಇರುವ ಶಕ್ತಿಯನ್ನು ಸಣ್ಣ ಸಣ್ಣ ತುತ್ತಾಗಿ ಹಂಚುತ್ತದೆ, ಅಷ್ಟೇ.

ಪೆಡಲ್ ಹತ್ತಿರದ ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನ ಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿಯೂ ಒಂದೇ ಸುತ್ತು. ಸೈಕಲ್ಲು ಮುಂದೆ ಹೋಗುವುದು ಸುಮಾರು 2.1 ಮೀಟರ್. ಗಂಟೆಗೆ 10 ಕಿ.ಮೀ. ಹೋಗಲು ನಿಮಿಷಕ್ಕೆ 80 ಸುತ್ತು ತುಳಿದರೆ ಸಾಕು, ಕಾಲಿಗೆ ಹಿತವಾದ ಲಯ. ಮುಂದೆ 39, ಹಿಂದೆ 23 ಹಲ್ಲು ಇರುವ ಹಳೆ ಮಾದರಿಯ ರೇಸಿಂಗ್ ಸೈಕಲ್ಲಾದರೆ ಅದೇ ವೇಗಕ್ಕೆ 47 ಸುತ್ತು. ಪ್ರತಿ ತುಳಿತಕ್ಕೂ ಹೆಚ್ಚು ಬಲ ಹಾಕಬೇಕು, ಪೆಟ್ಟೆಲ್ಲ ಮೊಣಕಾಲಿಗೆ. ಬಾಡಿಗೆಗೆ ಸೈಕಲ್ ಪಡೆಯುವವರು ಬಣ್ಣ, ಬ್ರ್ಯಾಂಡು ನೋಡುವ ಮೊದಲು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಬೇಕು ಎನ್ನುವುದು ಇದಕ್ಕೇ.

ಹಲ್ಲು ಎಣಿಸುವ ಭಾಗ್ಯವೇ ಇಲ್ಲದ ಕಾಲವೊಂದಿತ್ತು. ಟೂರ್ ಮೊದಲ ಸಲ ಗಲಿಬಿಯೇ ಹತ್ತಿದ್ದು 1911ರ ಜುಲೈ 10ರಂದು. ಶಮೊನಿಯಿಂದ ಗ್ರೆನೋಬ್ಲ್‌ಗೆ ಒಂದೇ ದಿನದಲ್ಲಿ 366 ಕಿ.ಮೀ. ಡಾಂಬರು ಕಾಣದ ರಸ್ತೆ. ಓಡುತ್ತಲೇ ಗೇರು ಬದಲಿಸುವ ಸೌಲಭ್ಯವಿಲ್ಲ. ಬೇರೆ ಹಲ್ಲು ಬೇಕೆಂದರೆ ಇಳಿದು ಹಿಂದಿನ ಗಾಲಿ ಬಿಚ್ಚಿ ತಿರುಗಿಸಿ ಹಾಕಬೇಕು. ಮೊದಲು ತುದಿ ತಲುಪಿದವರು ಎಮಿಲ್ ಜೋರ್ಜೆ. ಅವರನ್ನೂ ಸೇರಿಸಿ ಸೈಕಲ್ಲಿನಿಂದ ಇಳಿದು ನಡೆಯದೆ ಹತ್ತಿದವರು ಮೂರೇ ಮಂದಿ. ಉಳಿದಿಬ್ಬರು ಪಾಲ್ ಡ್ಯುಬೊಕ್ ಮತ್ತು ಆ ವರ್ಷದ ಟೂರ್ ಗೆದ್ದ ಗುಸ್ತಾವ್ ಗಾರಿಗು. ಟೂರ್ ಹುಟ್ಟುಹಾಕಿದ ಆಂರಿ ದೆಗ್ರಾಂಜ್ ತಮ್ಮ ಪತ್ರಿಕೆಯಲ್ಲಿ ಈ ಘಾಟಿಯನ್ನು ಹೊಗಳಿ, ಇದರ ಮುಂದೆ ಉಳಿದ ಘಾಟಿಗಳೆಲ್ಲ ನೀರು ಬೆರೆಸಿದ ಪಾನೀಯ ಎಂಬರ್ಥದಲ್ಲಿ ಬರೆದರು. ಅದೇ ದೆಗ್ರಾಂಜ್ ಓಡುತ್ತಲೇ ಬದಲಿಸುವ ಗೇರನ್ನು ಮಾತ್ರ ವರ್ಷಗಟ್ಟಲೆ ಒಪ್ಪಲಿಲ್ಲ. ಟೂರ್‌ನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಸುರಂಗದ ದಕ್ಷಿಣದ ಬಾಯಿಯ ಬಳಿ ಈಗ ಅವರ ಸ್ಮಾರಕವಿದೆ, 1949ರದು. ಪ್ರತಿ ಟೂರ್‌ನಲ್ಲೂ ಅವರ ಹೆಸರಿನಲ್ಲಿ ಒಂದು ಬಹುಮಾನ ಇರುತ್ತದೆ. ಗಲಿಬಿಯೇ ದಾರಿಯಲ್ಲಿದ್ದರೆ ಸಾಮಾನ್ಯವಾಗಿ ಇಲ್ಲಿ ಮೊದಲು ತುದಿ ದಾಟಿದವರಿಗೇ ಅದು.

ಗಾಳಿ ತೆಳುವಾದಾಗ

ಮೇಲೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ ಎನ್ನುತ್ತೇವೆ. ಸ್ವಲ್ಪ ತಿದ್ದಿ ಹೇಳಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಅಂದರೆ ಒಂದು ಉಸಿರಿನಲ್ಲಿ ಒಳಹೋಗುವ ಗಾಳಿಯೇ ಕಡಿಮೆ. ಸಂತೆಯಲ್ಲಿ ಸೇರು ಅದೇ ಇದ್ದರೂ ತಲೆ ಹೊಡೆದು ಅಳೆಯುವ ಬದಲು ಸಡಿಲವಾಗಿ ಮುಕ್ಕಾಲು ತುಂಬಿಸಿ ಕೊಟ್ಟಂತೆ. ಗಲಿಬಿಯೇ ತುದಿಯಲ್ಲಿ ಒತ್ತಡ ಸಮುದ್ರಮಟ್ಟದ ಶೇ 72ರಷ್ಟು. ಬೆಂಗಳೂರಿನಲ್ಲಿ ಇದು ಸುಮಾರು ಶೇ 90 ಇರುವುದರಿಂದ ಅಲ್ಲಿಯವರು ಮಂಗಳೂರಿನವರಿಗಿಂತ ಒಂದಿಷ್ಟು ಮೊದಲೇ ಒಗ್ಗಿಕೊಂಡಿರುತ್ತಾರೆ.

ಸ್ನಾಯು ಕೆಲಸ ಮಾಡಲು ಆಮ್ಲಜನಕ ಬೇಕು. ಅದು ಕಡಿಮೆಯಾದರೆ ಬಹಳ ಹೊತ್ತು ಹಾಕಬಲ್ಲ ಶಕ್ತಿಯೂ ಕಡಿಮೆಯಾಗುತ್ತದೆ, ಈ ಎತ್ತರದಲ್ಲಿ ಹೆಚ್ಚಿನವರಿಗೆ ಶೇ 10ರಿಂದ 15ರಷ್ಟು. ಸಾಲದ ಮಾತಿನಲ್ಲಿ ಹೇಳುವುದಾದರೆ ಕಂತು ದೊಡ್ಡದಾಗುವ ತಿಂಗಳಲ್ಲೇ ಸಂಬಳ ಕಡಿತವಾಯಿತು. ಪ್ಲಾಂ ಲಾಶಾ ನಂತರದ ಕಡಿದಾದ ಭಾಗ ಮತ್ತು ತೆಳು ಗಾಳಿ ಒಟ್ಟಿಗೇ ಬರುವುದರಿಂದಲೇ ಗಲಿಬಿಯೇಗೆ ಇಷ್ಟು ಹೆಸರು.

ಇಲ್ಲಿ ನಮ್ಮವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಲಡಾಖಿನ ಖರ್ದುಂಗ್ ಲಾ 5,300 ಮೀಟರಿಗೂ ಮೇಲಿದೆ. ಅದರ ಅರ್ಧವೂ ಇಲ್ಲದ ಇದಕ್ಕೇಕೆ ಇಷ್ಟು ಗಲಾಟೆ?" ನ್ಯಾಯವಾದ ಪ್ರಶ್ನೆ. ಆದರೆ ಖರ್ದುಂಗ್ ಲಾ ಏರು ಶುರುವಾಗುವ ಲೇಹ್ ಪಟ್ಟಣವೇ 3,500 ಮೀಟರಿನಲ್ಲಿದೆ. ಅಲ್ಲಿಂದ ಸುಮಾರು 40 ಕಿ.ಮೀ.ಗಳಲ್ಲಿ ಹತ್ತುವುದು 1,850 ಮೀಟರ್, ಸರಾಸರಿ ಏರು ಶೇ 5ಕ್ಕೂ ಕಡಿಮೆ. ಬರೀ ಎತ್ತರ ಗಳಿಸುವ ಲೆಕ್ಕದಲ್ಲಿ ಗಲಿಬಿಯೇಯೇ ದೊಡ್ಡದು, ಕಡಿದೂ ಹೌದು. ಉಸಿರಾಟದ ಲೆಕ್ಕದಲ್ಲಿ ಲಡಾಖ್ ಬೇರೆಯೇ ಲೋಕ. ಅಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಮೈ ಒಗ್ಗಿಸಿಕೊಳ್ಳದೆ ಹೋದರೆ ಅಪಾಯ. ಗಲಿಬಿಯೇಯಲ್ಲಿ ತುದಿ ಮುಟ್ಟಿ ಕೆಳಗಿಳಿಯುವವರಿಗೆ ಎತ್ತರದ ಕಾಯಿಲೆಯ ಕಾಟ ಅಪರೂಪ. ಏದುಸಿರು ಮಾತ್ರ ಗ್ಯಾರಂಟಿ.

ಹೊಟ್ಟೆ ಮತ್ತು ಬೆವರು

ನಮ್ಮ ದೇಹ ತಿಂದದ್ದರಲ್ಲಿ ನಾಲ್ಕನೇ ಒಂದು ಭಾಗವನ್ನೂ ಪೆಡಲ್‌ಗೆ ತಲುಪಿಸುವುದಿಲ್ಲ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. 170 ವಾಟ್ ತುಳಿಯುವಾಗ ಮೈಯಿಂದ ಹೊರಬರುವ ಬಿಸಿ 500 ವಾಟ್ ದಾಟುತ್ತದೆ, ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಆರಿಸಲು ಎದುರುಗಾಳಿಯೂ ಇಲ್ಲ. ಹೀಗಾಗಿ ತೆಲೆಗ್ರಾಫ್ ಏರಿನಲ್ಲಿ, ಇನ್ನೂ ಕೆಳಗಿನ ಬಿಸಿ ಗಾಳಿಯಲ್ಲಿರುವಾಗಲೇ, ಬೆವರು ಹನಿಹನಿಯಾಗಿ ಹ್ಯಾಂಡಲ್ ಮೇಲೆ ಬೀಳುತ್ತಿರುತ್ತದೆ.

ಇಡೀ ಏರಿಗೆ ಖರ್ಚಾಗುವುದು 1,700ರಿಂದ 2,000 ಕಿಲೋಕ್ಯಾಲರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟಿರುವ ಇಂಧನವೂ ಹೆಚ್ಚುಕಡಿಮೆ ಅಷ್ಟೇ. ಕೊಬ್ಬು ಎಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಹಸಿ ಸೌದೆ, ಏರಿಗೆ ಬೇಕಾದ ವೇಗದಲ್ಲಿ ಉರಿಯದು. ಸಕ್ಕರೆ ಮುಗಿದರೆ ಪೆಟ್ರೋಲ್ ಮುಗಿದ ಬೈಕಿನ ಕತೆ. ಕಾಲು ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಫ್ರೆಂಚರು ಇದನ್ನು 'ಫ್ರಾಂಗಾಲ್' ಎನ್ನುತ್ತಾರೆ. ಅದಕ್ಕೇ ಹಸಿವಾಗುವ ಮೊದಲೇ, ಗಂಟೆಗೆ ಸುಮಾರು 60 ಗ್ರಾಂ ಸಕ್ಕರೆ-ಪಿಷ್ಟ ಒಳಹೋಗುವಂತೆ ನೋಡಿಕೊಳ್ಳಬೇಕು. ಎರಡು ದೊಡ್ಡ ಬಾಳೆಹಣ್ಣಿನಷ್ಟು ಎಂದಿಟ್ಟುಕೊಳ್ಳಿ. ಬಣ್ಣಬಣ್ಣದ ಪೊಟ್ಟಣಗಳ ಜೆಲ್ ಮಾಡುವ ಕೆಲಸವನ್ನು ಬೆಲ್ಲದ ಚೂರೂ ಮಾಡುತ್ತದೆ. ವಲ್ವಾರ್‌ನಲ್ಲಿ ನೀರು ತುಂಬಿಸಿಕೊಂಡು ಏನಾದರೂ ತಿಂದು ಹೊರಡುವುದು ಜಾಣತನ. ಮೇಲೆ ಮನೆಗಳೇ ವಿರಳ.

ವೇಗ ಎಷ್ಟಿರಬೇಕು ಎನ್ನುವುದಕ್ಕೆ ಯಂತ್ರ ಬೇಕಿಲ್ಲ. ತೆಲೆಗ್ರಾಫ್ ಹತ್ತುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ಸರಿ ಇದೆ. ಎರಡೆರಡೇ ಪದ ಬರುತ್ತಿದ್ದರೆ ಕಂತು ಜಾಸ್ತಿಯಾಯಿತು.

ತುದಿಯ ಆಚೆ

ಸಾವಿರ ಮೀಟರ್ ಮೇಲೆ ಹೋದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ ಸ್ಯಾಂ ಮಿಶೆಲ್‌ನಲ್ಲಿ 28 ಡಿಗ್ರಿ ಇದ್ದ ದಿನ ತುದಿಯಲ್ಲಿ 15-16. ಜುಲೈನಲ್ಲೂ ರಸ್ತೆಯ ಅಂಚಿನಲ್ಲಿ ಹಿಮದ ತೇಪೆ ಕಾಣಬಹುದು. ಚಳಿಗಾಲವಿಡೀ ಈ ರಸ್ತೆ ಮುಚ್ಚಿರುತ್ತದೆ. ಹಿಮ ಕೊರೆದು ತೆರೆಯುವುದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಶುರುವಿನಲ್ಲಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಕವಿಯುವುದುಂಟು. ಹಾಗಾಗಿ ಬೆಳಗ್ಗೆ ಬೇಗ ಹೊರಡುವುದು ಅಲ್ಲಿಯ ರೂಢಿ.

ಬೆವರಿನಿಂದ ತೊಯ್ದ ಮೈ, 15 ಡಿಗ್ರಿ ಗಾಳಿ, ಗಂಟೆಗೆ 50 ಕಿ.ಮೀ. ವೇಗದ ಇಳಿತ. ಮೂರೂ ಸೇರಿದರೆ ಬೆರಳು ಮರಗಟ್ಟುತ್ತದೆ. ಬ್ರೇಕು ಹಿಡಿಯಬೇಕಾದ್ದು ಅದೇ ಬೆರಳು. ಹಿಂದೆ ರೇಸಿನವರು ತುದಿಯಲ್ಲಿ ನಿಂತ ಪ್ರೇಕ್ಷಕರಿಂದ ದಿನಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಗಾಳಿ ತಡೆಯಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ. 1998ರ ಟೂರ್‌ನಲ್ಲಿ ಚಳಿಮಳೆಯ ದಿನ ಇಟಲಿಯ ಮಾರ್ಕೊ ಪಂತಾನಿ ಗಲಿಬಿಯೇ ಏರಿನಲ್ಲಿ ಎಲ್ಲರನ್ನೂ ಬಿಟ್ಟು ಹೋದರು. ತುದಿ ದಾಟಿದ ಮೇಲೆ, ಅಷ್ಟು ಅವಸರದಲ್ಲೂ, ನಿಂತು ಮಳೆಯಂಗಿ ಹಾಕಿಕೊಂಡರು. ಅಲ್ಲಿಯವರೆಗಿನ ಒಟ್ಟು ಲೆಕ್ಕದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿಯಲ್ಲಿದ್ದ ಯಾನ್ ಉಲ್ರಿಚ್ ಆ ದಿನ ಗುರಿ ಮುಟ್ಟಿದ್ದು ಅವರಿಗಿಂತ ಸುಮಾರು 9 ನಿಮಿಷ ತಡವಾಗಿ. ಟೂರ್ ಪಂತಾನಿಯವರ ಪಾಲಾಯಿತು.

ಇಳಿಜಾರಿನ ಲೆಕ್ಕ ಏರಿನದರ ತಿರುಗುಮುರುಗು. ಹತ್ತುವಾಗ ಕಾಲು ಕೂಡಿಟ್ಟ ಶಕ್ತಿಯೆಲ್ಲ ಈಗ ಖರ್ಚಾಗಲೇಬೇಕು. ಒಂದಿಷ್ಟನ್ನು ಎದುರುಗಾಳಿ ತಿನ್ನುತ್ತದೆ, ಮಿಕ್ಕದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಆ ಬಿಸಿ ಆರುವುದೇ ಇಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡುವುದು ಕ್ರಮ. ಹೊರಬದಿಯ ಪೆಡಲ್ ಕೆಳಗಿರಲಿ, ಕಣ್ಣು ತಿರುವು ಮುಗಿಯುವ ಕಡೆಗಿರಲಿ. ಭಾರತದಿಂದ ಹೋದವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಏರುವಾಗ ಅದನ್ನು ಮರೆಯುವುದಿಲ್ಲ. ದಣಿದು ಇಳಿಯುವಾಗ, ತಿರುವಿನಾಚೆ ಏನೂ ಕಾಣದಿದ್ದಾಗ, ಹಳೆ ಅಭ್ಯಾಸ ಎಡಕ್ಕೆ ಎಳೆಯುತ್ತದೆ. 1935ರ ಟೂರ್‌ನಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಸೆಪೇದಾ ಗಲಿಬಿಯೇ ಇಳಿಯುವಾಗಲೇ ಬಿದ್ದು, ಕೆಲ ದಿನಗಳಲ್ಲಿ ತೀರಿಕೊಂಡರು. ಟೂರ್‌ನ ಓಟದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಸವಾರ ಅವರು.

ಹಾಗಾದರೆ ನಂದಿಬೆಟ್ಟದವರು ಹತ್ತಬಹುದಾ

ಹತ್ತಬಹುದು. ನಂದಿಯನ್ನು ಒಂದೇ ಬೆಳಗ್ಗೆ ಎರಡು ಸಲ, ಆಮೇಲೆ ಮೂರು ಸಲ ಹತ್ತಿ ಇಳಿದು, ಅಷ್ಟಾದ ಮೇಲೂ ಊಟ ಸೇರುತ್ತದೆಯೇ ನೋಡಿಕೊಂಡವರಿಗೆ ಗಲಿಬಿಯೇ ಅಸಾಧ್ಯವಲ್ಲ. ನಂದಿಯಲ್ಲಿ ಪ್ರತಿ ಏರಿನ ನಡುವೆ ಇಳಿಜಾರಿನ ವಿರಾಮ ಸಿಗುತ್ತದೆ, ಅಲ್ಲಿ ವಲ್ವಾರ್‌ನ ಐದು ಕಿ.ಮೀ. ಬಿಟ್ಟರೆ ಅದಿಲ್ಲ. ಆ ಕೊರತೆಯನ್ನು ಗೇರಿನಿಂದಲೂ ತಾಳ್ಮೆಯಿಂದಲೂ ತುಂಬಿಕೊಳ್ಳಬೇಕು.

ದಕ್ಷಿಣದ ಲೊತಾರೆ ಘಾಟಿಯಿಂದ ಹತ್ತಿದರೆ ದಾರಿ ಚಿಕ್ಕದು, ಎಂಟೂವರೆ ಕಿ.ಮೀ. ಅಷ್ಟೇ, ಏಕೆಂದರೆ ಲೊತಾರೆಯೇ 2,058 ಮೀಟರ್ ಎತ್ತರದಲ್ಲಿದೆ. ಪೊಗಾಚಾರ್ 2024ರಲ್ಲಿ ಬಂದದ್ದು ಈ ಬದಿಯಿಂದ. ಟೂರ್ ಇಲ್ಲಿಗೆ ಬಂದು ನೂರು ವರ್ಷ ತುಂಬಿದ 2011ರಲ್ಲಿ ಗಲಿಬಿಯೇ ತುದಿಯಲ್ಲೇ ಓಟ ಮುಗಿದಾಗ ಲಕ್ಸೆಂಬರ್ಗಿನ ಆಂಡಿ ಶ್ಲೆಕ್ ಗೆದ್ದದ್ದೂ ಇದೇ ಬದಿಯಿಂದ ಹತ್ತಿ.

ಉತ್ತರದಿಂದ ಹತ್ತಿ ಲೊತಾರೆಗೆ ಇಳಿದವರಿಗೆ ಅಲ್ಲಿ ರಸ್ತೆ ಕವಲಾಗುತ್ತದೆ. ಎಡಕ್ಕೆ ಬ್ರಿಯಾಂಸೋಂ, ಬಲಕ್ಕೆ ಲಾ ಮೆಯ್ಜ್ ಶಿಖರದ ಹಿಮನದಿಗಳನ್ನು ನೋಡುತ್ತ ಇಳಿದರೆ ಬೂರ್ ದ್ವಾಸಾಂ. 1982ರಿಂದ ನಡೆಯುತ್ತಿರುವ ಮಾರ್ಮೊತ್ ಎಂಬ ಹವ್ಯಾಸಿಗಳ ಓಟದಲ್ಲಿ ಬಂದವರು ಬಲಕ್ಕೇ ತಿರುಗಬೇಕು. ಗ್ಲಾಂಡೋಂ, ತೆಲೆಗ್ರಾಫ್, ಗಲಿಬಿಯೇ ಮೂರನ್ನೂ ಮುಗಿಸಿ ಬೂರ್ ದ್ವಾಸಾಂ ಸೇರುವ ಅವರಿಗೆ, ಬಿಸಿಲು ನೆತ್ತಿಗೇರಿದ ಹೊತ್ತಲ್ಲಿ, ಇನ್ನೂ ಆಲ್ಪ್ ದ್ಯುಯೆಜ್ ಬಾಕಿ ಇರುತ್ತದೆ: 21 ತಿರುವು, ಸುಮಾರು 14 ಕಿ.ಮೀ., ಸರಾಸರಿ ಶೇ 8.